ಬಾಡಿಗೆ ಮೋಟಾರ್ ಯಾಟ್ ನಡೆಸುವುದು ಹೇಗೆ: ಕೀಲಿ ಪಡೆದಾಗಿನಿಂದ ಮರಳಿಸುವವರೆಗೆ

ಯಾಟ್ ಬಾಡಿಗೆಗೆ ಕೊಡುವವರು ಕೀಲಿ ಒಪ್ಪಿಸುವ ಮುನ್ನ ಒಂದು ಗಂಟೆ ಎಲ್ಲವನ್ನೂ ತೋರಿಸುತ್ತಾರೆ. ಇದು ಈ ಸ್ವಿಚ್, ಅದು ಆ ಕವಾಟ, ಇಲ್ಲಿ ಫ್ಯೂಸ್, ಅಲ್ಲಿ ಪಂಪ್. ನೀವು ತಲೆಯಾಡಿಸುತ್ತಲೇ ಇರುತ್ತೀರಿ. ಅವರು ದಕ್ಕೆಯ ಮೇಲೆ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅರ್ಧ ಮರೆತುಹೋಗಿರುತ್ತದೆ. ನನ್ನ ಮೊದಲ ಬಾಡಿಗೆ ಪ್ರವಾಸದ ಎರಡನೇ ಬೆಳಗ್ಗೆ ನಲ್ಲಿಯಲ್ಲಿ ನೀರು ನಿಂತಿತು. ಟ್ಯಾಂಕ್ ಬರಿದಾಯಿತೆಂದು ಗೊಣಗುತ್ತಾ ಬಂದರಿಗೆ ಹಿಂದಿರುಗಿದೆವು. ನೋಡಿದರೆ ಎರಡನೇ ಟ್ಯಾಂಕ್ ತುಂಬಿ ತುಳುಕುತ್ತಿತ್ತು. ಅದಕ್ಕೆ ತಿರುಗಿಸುವ ಕವಾಟ ನಾನು ಮಲಗಿದ್ದ ಹಾಸಿಗೆಯ ಕೆಳಗೇ ಇತ್ತು. ಅದನ್ನು ನನಗೆ ತೋರಿಸಿಯೂ ಇದ್ದರು.

ಚುಕ್ಕಾಣಿ ಹಿಡಿಯಲು ಬಂದರೆ ಯಾಟ್ ನಡೆಸಲು ಬಂದಂತೆ ಎಂದು ನಾನೂ ನಂಬಿದ್ದೆ. ಚುಕ್ಕಾಣಿಯದು ಕಾಲುಪಾಲು ಕೆಲಸ. ಮಿಕ್ಕಿದ್ದೆಲ್ಲ ನಾಲ್ಕು ಖಾತೆಗಳ ಲೆಕ್ಕ: ಡೀಸೆಲ್, ವಿದ್ಯುತ್, ಕುಡಿಯುವ ನೀರು, ಕೊಳಚೆ. ಮೊದಲ ಮೂರು ಖಾಲಿಯಾಗುತ್ತಾ ಹೋಗುತ್ತವೆ, ನಾಲ್ಕನೆಯದು ತುಂಬುತ್ತಾ ಹೋಗುತ್ತದೆ. ನಾಲ್ಕರ ಮೇಲೂ ಕಣ್ಣಿಟ್ಟವರಿಗೆ ಸಮುದ್ರದಲ್ಲಿ ಯೋಚಿಸಲು ಪುರುಸೊತ್ತು ಸಿಗುತ್ತದೆ.

ಈ ಬರಹ ಬೇರ್‌ಬೋಟ್ ಚಾರ್ಟರ್, ಅಂದರೆ ಕ್ಯಾಪ್ಟನ್ ಇಲ್ಲದೆ ನೌಕೆಯನ್ನಷ್ಟೇ ಬಾಡಿಗೆಗೆ ಪಡೆಯುವವರಿಗೆ. ಮನಸ್ಸಿನಲ್ಲಿರುವುದು 10ರಿಂದ 15 ಮೀಟರ್ ಉದ್ದದ, ಡೀಸೆಲ್ ಎಂಜಿನ್‌ನ ಯಾಟ್. ಪರವಾನಗಿಯ ನಿಯಮ ದೇಶದಿಂದ ದೇಶಕ್ಕೆ ಬೇರೆ. ಯುರೋಪಿನ ಹಲವೆಡೆ ಐಸಿಸಿ ಎಂಬ ಅಂತರರಾಷ್ಟ್ರೀಯ ಅರ್ಹತಾ ಪತ್ರ ಕೇಳುತ್ತಾರೆ, ಕೆಲವು ಕಡೆ ರೇಡಿಯೊ ಪ್ರಮಾಣಪತ್ರವೂ ಬೇಕು. ಬುಕ್ ಮಾಡುವ ಮೊದಲೇ ಇದನ್ನು ಲಿಖಿತವಾಗಿ ಕೇಳಿಕೊಳ್ಳಿ.

ಕೀಲಿ ಪಡೆಯುವ ದಿನ

ಫೋನಿನಲ್ಲಿ ವಿಡಿಯೊ ಆನ್ ಮಾಡಿ, ತೋರಿಸುವವರ ಮಾತನ್ನು ಮೊದಲಿನಿಂದ ಕೊನೆಯವರೆಗೆ ಚಿತ್ರೀಕರಿಸಿ. ನಾಚಿಕೆ ಬೇಡ, ಅವರಿಗೆ ಇದು ರೂಢಿ. ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ನಿಮಗೇನಾದರೂ ಆದರೆ ಎಂಜಿನ್ ನಿಲ್ಲಿಸಲು, ರೇಡಿಯೊದಲ್ಲಿ ಕರೆಯಲು ಗೊತ್ತಿರುವ ಇನ್ನೊಂದು ಜೀವ ನೌಕೆಯಲ್ಲಿರಲೇಬೇಕು.

ಹೊರಮೈಯನ್ನು ಒಂದು ಸುತ್ತು ಹಾಕಿ ಗೀರು, ಬಿರುಕು, ಬಾಗಿದ ಕಂಬಿ ಇದ್ದರೆ ಫೋಟೊ ತೆಗೆದು ಪಟ್ಟಿಗೆ ಸೇರಿಸಿ. ನಿಮ್ಮ ಠೇವಣಿ ನಿಂತಿರುವುದು ಆ ಪಟ್ಟಿಯ ಮೇಲೆ. ಎಂಜಿನ್ ಗಂಟೆ ಮತ್ತು ಇಂಧನ ಮಟ್ಟ ಬರೆದುಕೊಳ್ಳಿ.

ಆಮೇಲೆ ಒಳಗೆ. ಸೀಕಾಕ್‌ಗಳು, ಅಂದರೆ ನೌಕೆಯ ತಳದ ರಂಧ್ರಗಳನ್ನು ಮುಚ್ಚುವ ಕವಾಟಗಳು ಎಲ್ಲೆಲ್ಲಿವೆ? ಪ್ರತಿಯೊಂದನ್ನೂ ನಿಮ್ಮ ಕೈಯಿಂದಲೇ ಒಮ್ಮೆ ತಿರುಗಿಸಿ ನೋಡಿ. ಹಿಡಿ ಪೈಪಿನ ದಿಕ್ಕಿನಲ್ಲಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಬಿಲ್ಜ್, ಅಂದರೆ ನೌಕೆಯ ಅಡಿಯಲ್ಲಿ ಸೋರಿದ ನೀರು ಸೇರುವ ತಗ್ಗು, ಅದನ್ನು ಬರಿದಾಗಿಸುವ ಪಂಪ್‌ನ ಸ್ವಿಚ್ ಯಾವುದು, ಕೈಪಂಪ್‌ನ ಹಿಡಿ ಎಲ್ಲಿದೆ, ಲೈಫ್ ಜಾಕೆಟ್, ಅಗ್ನಿಶಾಮಕ, ಅಪಾಯ ಸೂಚಿಸಲು ಹಾರಿಸುವ ಫ್ಲೇರ್‌ಗಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿವೆ ಎಂದು ಮುಟ್ಟಿ ನೋಡಿ. ಡೆಪ್ತ್ ಸೌಂಡರ್ ಆಳವನ್ನು ಎಲ್ಲಿಂದ ಅಳೆಯುತ್ತದೆ ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ. ಪರದೆ 2 ಮೀಟರ್ ಎಂದರೆ ಅದು ನೀರಿನ ಮೇಲ್ಮೈಯಿಂದಲೋ, ಸಂವೇದಕದಿಂದಲೋ, ತಳದ ಕೆಳಗಿನಿಂದಲೋ? ಮೊದಲಿನದಾದರೆ, 1.2 ಮೀಟರ್ ನೀರಿನಲ್ಲಿ ಮುಳುಗಿರುವ ನೌಕೆಗೆ ಕೆಳಗೆ ಉಳಿದಿರುವುದು 80 ಸೆಂಟಿಮೀಟರ್.

ಎಂಜಿನ್

ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಎಂಜಿನ್ ಕೋಣೆಯ ಹ್ಯಾಚ್, ಅಂದರೆ ಮುಚ್ಚಳ ಎತ್ತಿ. ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಅದ್ದಿ ಎಣ್ಣೆ ನೋಡಿ. ಕೂಲಂಟ್ ಮಟ್ಟ ನೋಡಿ. ಬಿಸಿ ಎಂಜಿನ್‌ನಲ್ಲಿ ಕೂಲಂಟ್‌ನ ಮುಚ್ಚಳ ತೆರೆದರೆ ಮುಖಕ್ಕೇ ಕುದಿನೀರು ಚಿಮ್ಮುತ್ತದೆ. ಬೆಲ್ಟ್ ಸಡಿಲವಾಗಿದೆಯೇ, ಅಡಿಯಲ್ಲಿ ಹೊಸ ಎಣ್ಣೆಯೋ ನೀರೋ ಸೇರಿದೆಯೇ, ಡೀಸೆಲ್ ಫಿಲ್ಟರಿನ ಗಾಜಿನ ಬಟ್ಟಲಿನ ತಳದಲ್ಲಿ ನೀರಿನ ಹನಿ ನಿಂತಿದೆಯೇ? ಐದು ನಿಮಿಷ ಸಾಕು. ದಿನಾ ನೋಡುತ್ತಿದ್ದರೆ ಆ ಕೋಣೆಯ ಸಹಜ ಸ್ಥಿತಿ ಯಾವುದೆಂದು ಕಣ್ಣಿಗೆ ರೂಢಿಯಾಗುತ್ತದೆ. ಬದಲಾವಣೆ ತಾನಾಗಿ ಎದ್ದು ಕಾಣುತ್ತದೆ.

ಈ ಎಂಜಿನ್‌ಗಳ ಕೂಲಂಟನ್ನು ತಂಪಾಗಿಡುವುದು ಹೊರಗಿನ ನೀರು. ಅದು ಸೀಕಾಕ್ ಮೂಲಕ ಒಳಬಂದು, ಸ್ಟ್ರೇನರ್ ಎಂಬ ಜರಡಿ ದಾಟಿ, ಇಂಪೆಲ್ಲರ್ ಎಂಬ ರಬ್ಬರ್ ಚಕ್ರದಿಂದ ನೂಕಿಸಿಕೊಂಡು, ಕೊನೆಗೆ ಹೊಗೆಯ ಜೊತೆ ಹೊರಬೀಳುತ್ತದೆ. ಹಾಗಾಗಿ ಎಂಜಿನ್ ಶುರುವಾದ ತಕ್ಷಣ ಹಿಂಬದಿಗೆ ಬಗ್ಗಿ ನೋಡಿ. ಅರ್ಧ ನಿಮಿಷದೊಳಗೆ ನೀರು ಉಗುಳದಿದ್ದರೆ ಎಂಜಿನ್ ನಿಲ್ಲಿಸಿ. ಒಣಗಿ ತಿರುಗಿದ ಇಂಪೆಲ್ಲರ್ ನೋಡನೋಡುತ್ತಿದ್ದಂತೆ ಚೂರಾಗುತ್ತದೆ. ಯಾವುದೋ ಕಾರಣಕ್ಕೆ ನೀರಿನ ಸೀಕಾಕ್ ಮುಚ್ಚಿದರೆ ನಾನು ಎಂಜಿನ್ ಕೀಲಿಯನ್ನು ತೆಗೆದು ಆ ಸೀಕಾಕ್‌ನ ಹಿಡಿಗೇ ನೇತುಹಾಕುತ್ತೇನೆ. ಮರೆತು ಸ್ಟಾರ್ಟ್ ಮಾಡಲು ದಾರಿಯೇ ಇರುವುದಿಲ್ಲ.

ಸ್ಟಾರ್ಟ್ ಮಾಡುವ ಮುನ್ನ ಲಿವರ್ ನ್ಯೂಟ್ರಲ್‌ನಲ್ಲಿದೆಯೇ, ನೀರಿನಲ್ಲಿ ಹಗ್ಗ ನೇತಾಡುತ್ತಿದೆಯೇ, ಸುತ್ತ ಯಾರಾದರೂ ಈಜುತ್ತಿದ್ದಾರೆಯೇ ನೋಡಿ. ಶುರುವಾದ ಮೇಲೆ ಎಣ್ಣೆಯ ಒತ್ತಡ ಏರಿ, ಎಚ್ಚರಿಕೆಯ ಸದ್ದು ನಿಲ್ಲಬೇಕು. ಹೊಗೆಯ ಬಣ್ಣವೂ ಮಾತಾಡುತ್ತದೆ: ಬಿಡದೆ ಬರುವ ಬಿಳಿ ಆವಿ ಅತಿಬಿಸಿಯ ಸುಳಿವಿರಬಹುದು, ಕಪ್ಪು ಹೊಗೆ ಎಂದರೆ ಭಾರ ಹೆಚ್ಚಾಗಿದೆ ಅಥವಾ ಗಾಳಿ ಸಾಲದು, ನೀಲಿ ಎಂದರೆ ಎಣ್ಣೆ ಉರಿಯುತ್ತಿದೆ. ಪೆಟ್ರೋಲ್ ಎಂಜಿನ್ ಆದರೆ ಸ್ಟಾರ್ಟ್‌ಗೆ ಮೊದಲು ಕನಿಷ್ಠ 4 ನಿಮಿಷ ಬ್ಲೋವರ್ ಎಂಬ ಫ್ಯಾನ್ ಓಡಿಸಿ, ಕೋಣೆಯ ಆವಿ ಹೊರಹಾಕಲೇಬೇಕು.

ನಿಲ್ಲಿಸುವಾಗಲೂ ಕ್ರಮವಿದೆ. ವೇಗವಾಗಿ ಬಂದಿದ್ದರೆ ಟರ್ಬೊ ತಣಿಯಲು ಕೆಲವು ನಿಮಿಷ ಐಡಲ್‌ನಲ್ಲಿ ಬಿಡಿ. ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಮೊದಲು ಸ್ಟಾಪ್ ಬಟನ್, ಎಂಜಿನ್ ಪೂರ್ತಿ ನಿಂತ ಮೇಲೆ ಕೀಲಿ ಆಫ್. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮುಖ್ಯ ಸ್ವಿಚ್ ಆಫ್ ಮಾಡಿದರೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಡಯೋಡ್‌ಗಳು ಸುಟ್ಟುಹೋಗಬಹುದು.

ವಿದ್ಯುತ್: ಎರಡು ಲೋಕಗಳು

ಯಾಟ್‌ನಲ್ಲಿ ಎರಡು ಬಗೆಯ ವಿದ್ಯುತ್ ಇರುತ್ತದೆ. 12 ಅಥವಾ 24 ವೋಲ್ಟ್‌ನ ಡಿಸಿ ಬ್ಯಾಟರಿಯದು. ದೀಪ, ಪಂಪ್, ಫ್ರಿಜ್, ಉಪಕರಣಗಳು ಇದರಲ್ಲಿ ನಡೆಯುತ್ತವೆ. ಎಸಿ ಬರುವುದು ದಕ್ಕೆಯ ಕೇಬಲ್‌ನಿಂದ, ಜನರೇಟರ್‌ನಿಂದ ಅಥವಾ ಇನ್ವರ್ಟರ್‌ನಿಂದ. ಏರ್ ಕಂಡಿಷನರ್, ವಾಟರ್ ಹೀಟರ್, ಗೋಡೆಯ ಸಾಕೆಟ್‌ಗಳು ಇದರದು. ಇನ್ವರ್ಟರ್ ಬ್ಯಾಟರಿಯಿಂದಲೇ ಎಸಿ ತಯಾರಿಸುವುದರಿಂದ ಅದರಲ್ಲಿ ಕೆಟಲ್ ಇಟ್ಟರೆ ಬ್ಯಾಟರಿ ಬಸವಳಿಯುತ್ತದೆ.

ಬ್ಯಾಟರಿಗಳಲ್ಲೂ ಎರಡು ಗುಂಪು. ಎಂಜಿನ್ ಸ್ಟಾರ್ಟ್‌ಗೆ ಒಂದು, ಮನೆಬಳಕೆಗೆ ಇನ್ನೊಂದು. ಎರಡನ್ನೂ ಬೇರೆಬೇರೆ ಇಟ್ಟಿರುವುದೇ, ರಾತ್ರಿಯಿಡೀ ಫ್ರಿಜ್ ಓಡಿದರೂ ಬೆಳಗ್ಗೆ ಎಂಜಿನ್ ಎದ್ದೇಳಲಿ ಎಂದು. ಎರಡನ್ನೂ ಜೋಡಿಸುವ ತುರ್ತು ಸ್ವಿಚ್ ಎಲ್ಲಿದೆ ಎಂದು ತಿಳಿದುಕೊಳ್ಳಿ, ತುರ್ತಿಲ್ಲದೆ ಮುಟ್ಟಬೇಡಿ.

ಲೆಕ್ಕ ಹೀಗೆ. ಮನೆಬಳಕೆಯ ಬ್ಯಾಟರಿ ಒಟ್ಟು 400 ಆಂಪ್-ಅವರ್ ಎಂದುಕೊಳ್ಳಿ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ತಗ್ಗುತ್ತದೆ, ಹಾಗಾಗಿ ನಿಮ್ಮ ಕೈಗೆ ಸಿಗುವುದು 200. ಓಡುವಾಗ 5 ಆಂಪ್ ಎಳೆಯುವ ಫ್ರಿಜ್ ದಿನದ ಅರ್ಧ ಹೊತ್ತು ಓಡಿದರೆ 60 ಆಂಪ್-ಅವರ್. ಎರಡು ಫ್ರಿಜ್ ಇದ್ದರೆ 120. ದೀಪ, ನೀರಿನ ಪಂಪ್, ಫೋನ್ ಚಾರ್ಜ್, ಲಂಗರಿನ ದೀಪ ಎಲ್ಲ ಸೇರಿದರೆ ಒಂದು ದಿನಕ್ಕೇ ಖಾತೆ ಬರಿದು. ಫ್ರಿಜ್ ಬಾಗಿಲು ಪದೇಪದೇ ತೆರೆಯುವವರನ್ನು ಗದರುವ ಹಕ್ಕು ಯಾಟ್‌ನ ನಾಯಕರಿಗೆ ಇದೆ ಎಂದು ನನ್ನ ಅಭಿಪ್ರಾಯ.

ಏನೂ ಓಡದೆ ಸ್ವಲ್ಪ ಹೊತ್ತು ಸುಮ್ಮನಿದ್ದ 12 ವೋಲ್ಟ್‌ನ ಲೆಡ್ ಆಸಿಡ್ ಬ್ಯಾಟರಿ ಸುಮಾರು 12.7 ತೋರಿಸಿದರೆ ತುಂಬಿದೆ, 12.2ರ ಆಸುಪಾಸಿನಲ್ಲಿದ್ದರೆ ಅರ್ಧ. ಎಂಜಿನ್ ಓಡುವಾಗ 14ರ ಹತ್ತಿರ ಇರಬೇಕು, 12.5ರಲ್ಲೇ ನಿಂತಿದ್ದರೆ ಚಾರ್ಜ್ ಆಗುತ್ತಿಲ್ಲ ಎಂದರ್ಥ. ಲಿಥಿಯಂ ಬ್ಯಾಟರಿಯಲ್ಲಿ ಈ ಅಳತೆ ಕೆಲಸಕ್ಕೆ ಬಾರದು. ಅದರ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಇರುತ್ತದೆ, ಮಾನಿಟರ್‌ನ ಶೇಕಡಾವಾರು ನೋಡಬೇಕು.

ದಕ್ಕೆಯ ಕೇಬಲ್ ಜೋಡಿಸುವ ಕ್ರಮ:
1. ದಕ್ಕೆಯ ವಿದ್ಯುತ್ ಕಂಬದ ಬ್ರೇಕರ್ ಆಫ್, ನೌಕೆಯ ಎಸಿ ಮುಖ್ಯ ಸ್ವಿಚ್ ಆಫ್.
2. ಕೇಬಲನ್ನು ಮೊದಲು ನೌಕೆಗೆ, ಆಮೇಲೆ ಕಂಬಕ್ಕೆ ಸಿಕ್ಕಿಸಿ. ನೀರಿನ ಮೇಲೆ ಕರೆಂಟ್ ಇರುವ ತುದಿ ಹಿಡಿದು ದಾಟುವ ಪ್ರಸಂಗ ಬರಬಾರದು.
3. ಕಂಬದ ಬ್ರೇಕರ್ ಆನ್ ಮಾಡಿ, ಒಳಗಿನ ಫಲಕದಲ್ಲಿ ರಿವರ್ಸ್ ಪೊಲಾರಿಟಿ, ಅಂದರೆ ತಂತಿಗಳು ಅದಲುಬದಲಾಗಿವೆ ಎಂದು ಎಚ್ಚರಿಸುವ ದೀಪ ಉರಿಯುತ್ತಿಲ್ಲ ಎಂದು ಖಚಿತವಾದ ಮೇಲೆ ಮುಖ್ಯ ಸ್ವಿಚ್ ಹಾಕಿ.

ಬಿಚ್ಚುವಾಗ ಇದನ್ನೇ ಹಿಂದುಮುಂದಾಗಿ ಮಾಡಿ. 230 ವೋಲ್ಟ್‌ನ 16 ಆಂಪ್ ಸಾಕೆಟ್ ಕೊಡುವುದು ಸುಮಾರು 3,700 ವ್ಯಾಟ್. ವಾಟರ್ ಹೀಟರ್, ಕೆಟಲ್, ಏರ್ ಕಂಡಿಷನರ್ ಮೂರನ್ನೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುವುದು ಖಂಡಿತ. ಇನ್ನೊಂದು ಮಾತು: ಕೇಬಲ್‌ಗಳಿರುವ ಮರೀನಾದ ನೀರಿಗೆ ಈಜಲು ಇಳಿಯಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಯಾವುದೋ ನೌಕೆಯಿಂದ ಸೋರುವ ವಿದ್ಯುತ್ ನೀರಿನಲ್ಲಿರುವವರ ಕೈಕಾಲು ಕಟ್ಟಿಹಾಕಿ ಮುಳುಗಿಸಬಲ್ಲದು. ಸಿಹಿನೀರಿನಲ್ಲಿ ಅಪಾಯ ಇನ್ನೂ ಹೆಚ್ಚು.

ನೀರು, ಶೌಚಾಲಯ, ಅನಿಲ

ಡೆಕ್ ಮೇಲೆ ಒಂದೇ ತರಹದ ಮೂರು ಮುಚ್ಚಳಗಳಿರುತ್ತವೆ: ನೀರು, ಡೀಸೆಲ್, ಕೊಳಚೆ. ಡೀಸೆಲ್ ಟ್ಯಾಂಕಿಗೆ ನೀರು ತುಂಬಿದವರ ಕಥೆ ಪ್ರತಿ ಬಂದರಿನಲ್ಲೂ ಇರುತ್ತದೆ. ಹೋಸ್ ಇಡುವ ಮುನ್ನ ಬರಹವನ್ನು ಗಟ್ಟಿಯಾಗಿ ಓದಿ.

500 ಲೀಟರ್ ಟ್ಯಾಂಕ್, ಆರು ಜನ, ತಲೆಗೆ ದಿನಕ್ಕೆ 20 ಲೀಟರ್ ಎಂದರೆ ನಾಲ್ಕು ದಿನ. ತೆರೆದೇ ಬಿಟ್ಟ ಶವರ್ ನಿಮಿಷಕ್ಕೆ 8–10 ಲೀಟರ್ ಕುಡಿಯುತ್ತದೆ, ಒಬ್ಬರ ಹತ್ತು ನಿಮಿಷದ ಸ್ನಾನಕ್ಕೆ ನಾಲ್ಕೈದು ಜನರ ಪಾಲು ಹೋಯಿತು. ನಲ್ಲಿ ಮುಚ್ಚಿದ್ದರೂ ಪಂಪ್ ಗುರ್ ಎನ್ನುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಟ್ಯಾಂಕ್ ಬರಿದಾಗಿದೆ. ಮಲಗುವಾಗ ಮತ್ತು ಹೊರಡುವಾಗ ಪಂಪ್ ಸ್ವಿಚ್ ಆಫ್ ಮಾಡುವುದು ಒಳ್ಳೆಯದು.

ಶೌಚಾಲಯದ ನಿಯಮವನ್ನು ಮೊದಲ ದಿನವೇ ಎಲ್ಲರಿಗೂ, ಸಂಕೋಚವಿಲ್ಲದೆ ಹೇಳಿ: ತಿಂದು ಅರಗಿದ್ದನ್ನು ಬಿಟ್ಟು ಬೇರೇನೂ ಹೋಗಬಾರದು. ಒದ್ದೆ ಟಿಶ್ಯೂ ಒಂದು ಸಾಕು ಕಟ್ಟಿಕೊಳ್ಳಲು, ಆಮೇಲೆ ಅದನ್ನು ಬಿಚ್ಚುವವರು ನೀವೇ. ಹೋಲ್ಡಿಂಗ್ ಟ್ಯಾಂಕ್, ಅಂದರೆ ಕೊಳಚೆ ಟ್ಯಾಂಕ್ ತುಂಬಿದ್ದೂ ಪಂಪ್ ಮಾಡುತ್ತಾ ಹೋದರೆ ಒತ್ತಡಕ್ಕೆ ಪೈಪ್ ಕಳಚಿಕೊಳ್ಳಬಹುದು, ಆ ದೃಶ್ಯವನ್ನು ವರ್ಣಿಸುವುದು ಬೇಡ. ಟ್ಯಾಂಕ್ ಎಲ್ಲಿ ಖಾಲಿ ಮಾಡಬಹುದು ಎಂಬುದು ಆಯಾ ದೇಶದ ಕಾನೂನು. ದಡದ ಬಳಿ, ಕೊಲ್ಲಿಗಳಲ್ಲಿ ಸಾಮಾನ್ಯವಾಗಿ ನಿಷೇಧ. ಮರೀನಾದ ಪಂಪ್-ಔಟ್ ಕೇಂದ್ರವೇ ಸರಿಯಾದ ಜಾಗ. ಪ್ಲಾಸ್ಟಿಕ್ಕನ್ನಂತೂ ಯಾವ ಸಮುದ್ರದಲ್ಲೂ ಎಸೆಯುವಂತಿಲ್ಲ.

ಅಡುಗೆಯ ಅನಿಲ ಗಾಳಿಗಿಂತ ಭಾರ. ಸೋರಿದರೆ ಹೊರಹೋಗದೆ ಬಿಲ್ಜ್‌ನಲ್ಲಿ ಕೂರುತ್ತದೆ, ಒಂದು ಕಿಡಿಗೆ ಕಾಯುತ್ತದೆ. ಒಲೆ ಆರಿಸಿದ ಮೇಲೆ ಸಿಲಿಂಡರ್‌ನಲ್ಲೇ ಮುಚ್ಚಿ. ಜನರೇಟರ್ ಮತ್ತು ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ಓಕರಿಕೆ ಶುರುವಾದರೆ ಸಮುದ್ರದ ವಾಂತಿ ಎಂದು ಸುಮ್ಮನಾಗಿಬಿಡುವ ಅಪಾಯವಿದೆ. ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ಹಾಗಾದರೆ ಎಲ್ಲರನ್ನೂ ತೆರೆದ ಗಾಳಿಗೆ ಕರೆತನ್ನಿ. ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಮೊದಲ ದಿನವೇ ಬಟನ್ ಒತ್ತಿ ಪರೀಕ್ಷಿಸಿ.

ದಕ್ಕೆ ಬಿಡುವುದು, ದಕ್ಕೆಗೆ ಬರುವುದು

ಕಾರಿನ ಅಭ್ಯಾಸ ಇಲ್ಲಿ ಶತ್ರು. ಕಾರು ತಿರುಗುವಾಗ ಹಿಂಬದಿ ಮುಂಬದಿಯನ್ನು ಹಿಂಬಾಲಿಸುತ್ತದೆ. ನೌಕೆ ಹಾಗಲ್ಲ, ಮುಂದೆ ಸಾಗುವಾಗ ಮೂತಿಯಿಂದ ಸುಮಾರು ಮೂರನೇ ಒಂದು ಭಾಗ ಹಿಂದಿರುವ ಬಿಂದುವಿನ ಸುತ್ತ ತಿರುಗುತ್ತದೆ. ಮೂತಿ ಎಡಕ್ಕೆ ಹೋದರೆ ಹಿಂಬದಿ ಬಲಕ್ಕೆ ಬೀಸುತ್ತದೆ, ಪಕ್ಕದ ನೌಕೆಗೆ ಬಡಿಯುವುದು ಅದೇ. ಬ್ರೇಕೂ ಇಲ್ಲ, ರಿವರ್ಸ್ ಗೇರೇ ಬ್ರೇಕ್.

ಎರಡು ಎಂಜಿನ್ ಇದ್ದರೆ ನಿಧಾನದಲ್ಲಿ ಚುಕ್ಕಾಣಿಯನ್ನು ನಡುವೆ ಬಿಟ್ಟು ಲಿವರ್‌ಗಳಲ್ಲೇ ಕೆಲಸ ಮಾಡಿ. ಎಡದ ಎಂಜಿನ್ ಮುಂದಕ್ಕೆ, ಬಲದ್ದು ಹಿಂದಕ್ಕೆ ಹಾಕಿದರೆ ಮೂತಿ ಬಲಕ್ಕೆ, ನಿಂತಲ್ಲೇ ತಿರುಗುತ್ತದೆ. ಒಂದೇ ಎಂಜಿನ್ ಇದ್ದರೆ ರಿವರ್ಸ್ ಹಾಕಿದಾಗ ಪ್ರೊಪೆಲ್ಲರ್ ಹಿಂಬದಿಯನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಬಲಸುತ್ತಿನ ಪ್ರೊಪೆಲ್ಲರ್ ಆದರೆ ಎಡಕ್ಕೆ. ಬಂದರು ಬಿಡುವ ಮುನ್ನ ಹಗ್ಗ ಕಟ್ಟಿದ್ದಾಗಲೇ ಒಂದು ಕ್ಷಣ ರಿವರ್ಸ್ ಹಾಕಿ, ನೀರು ಯಾವ ಪಕ್ಕದಿಂದ ಕದಡಿ ಬರುತ್ತದೆ ನೋಡಿ. ಹಿಂಬದಿ ಅದರ ಎದುರು ಪಕ್ಕಕ್ಕೆ ಸರಿಯುತ್ತದೆ.

ಗೇರ್ ಬದಲಿಸುವಾಗ ನ್ಯೂಟ್ರಲ್‌ನಲ್ಲಿ ಎರಡು ಸೆಕೆಂಡ್ ನಿಲ್ಲಿ. ಮೂತಿಯನ್ನು ಪಕ್ಕಕ್ಕೆ ತಳ್ಳುವ ಚಿಕ್ಕ ಪ್ರೊಪೆಲ್ಲರ್, ಅಂದರೆ ಬೌ ಥ್ರಸ್ಟರ್ ಅನ್ನು ಮೂರ್ನಾಲ್ಕು ಸೆಕೆಂಡಿನ ಚಿಕ್ಕ ಒತ್ತುಗಳಲ್ಲಿ ಬಳಸಿ. ಬಿಡದೆ ಒತ್ತಿ ಹಿಡಿದರೆ ಅದು ಬಿಸಿಯಾಗಿ, ಸರಿಯಾಗಿ ಬೇಕಾದ ಹೊತ್ತಿಗೇ ಕೈಕೊಡುತ್ತದೆ.

ಗಾಳಿ ನಿಮ್ಮನ್ನು ದಕ್ಕೆಗೆ ಒತ್ತುತ್ತಿದ್ದರೆ ಸುಮ್ಮನೆ ಹಗ್ಗ ಬಿಚ್ಚಿ ಹೊರಡಲು ಆಗದು. ಮೂತಿಯಿಂದ ಹಿಂದಕ್ಕೆ, ದಕ್ಕೆಯ ನಡುವಿನ ಕ್ಲೀಟ್ ಎಂಬ ಹಗ್ಗದ ಗೂಟಕ್ಕೆ ಹೋಗುವ ಸ್ಪ್ರಿಂಗ್ ಹಗ್ಗ ಒಂದನ್ನೇ ಉಳಿಸಿ, ಮೂತಿಯ ಬಳಿ ಫೆಂಡರ್ ಎಂಬ ದಪ್ಪ ಮೆತ್ತೆ ಇಟ್ಟು, ಚುಕ್ಕಾಣಿಯನ್ನು ದಕ್ಕೆಯ ಕಡೆಗೆ ತಿರುಗಿಸಿ, ಐಡಲ್‌ನಲ್ಲಿ ಮುಂದಕ್ಕೆ ಗೇರ್ ಹಾಕಿ. ನೌಕೆ ಮುಂದೆ ಹೋಗಲಾರದೆ ಹಿಂಬದಿಯನ್ನು ಹೊರಕ್ಕೆ ಬೀಸುತ್ತದೆ. ಸಾಕಷ್ಟು ಕೋನ ಬಂದಾಗ ನ್ಯೂಟ್ರಲ್, ಹಗ್ಗ ಒಳಗೆ, ಆಮೇಲೆ ರಿವರ್ಸ್. ಮೊದಲ ಸಲ ನೋಡಿದಾಗ ಮಾಯಾಜಾಲ ಎನಿಸಿತ್ತು ನನಗೆ.

ಮರಳಿ ಬರುವಾಗ ದೂರದಲ್ಲೇ ನಿಂತು ಫೆಂಡರ್, ಹಗ್ಗ ಎಲ್ಲ ಸಿದ್ಧ ಮಾಡಿ. ಗಾಳಿ ಮತ್ತು ಸೆಳವಿನಲ್ಲಿ ಬಲವಾದದ್ದು ಯಾವುದೋ ಅದಕ್ಕೆ ಎದುರಾಗಿ ಬನ್ನಿ. ಎಷ್ಟು ವೇಗದಲ್ಲಿ ಬಡಿದರೆ ಪರವಾಗಿಲ್ಲವೋ ಅದಕ್ಕಿಂತ ವೇಗವಾಗಿ ಬರಬೇಡಿ. ಲೆಕ್ಕ ತಪ್ಪಿತೆನಿಸಿದರೆ ಹೊರಗೆ ಹೋಗಿ ಮತ್ತೆ ಬನ್ನಿ. ಕೈಕಾಲು ಒಡ್ಡಿ ನೌಕೆ ತಡೆಯಲು ಯಾರನ್ನೂ ಬಿಡಬೇಡಿ. ಹತ್ತು ಟನ್ ಭಾರಕ್ಕೆ ಮೂಳೆ ಲೆಕ್ಕವಲ್ಲ.

ಸಾಗುವಾಗ

ನೀರನ್ನು ಸೀಳಿ ಸಾಗುವ ನೌಕೆಗೆ ಉದ್ದವೇ ವೇಗದ ಮಿತಿ. ನೀರಿನ ಮಟ್ಟದಲ್ಲಿ 12 ಮೀಟರ್ ಉದ್ದವಿದ್ದರೆ ಅದರ ವರ್ಗಮೂಲಕ್ಕೆ 2.43 ಗುಣಿಸಿ, ಸುಮಾರು 8.4 ನಾಟ್ (ನಾಟ್ ಎಂದರೆ ಗಂಟೆಗೆ ಒಂದು ಸಮುದ್ರ ಮೈಲಿ). ಅದನ್ನು ಮೀರಬೇಕಾದರೆ ನೌಕೆ ತನ್ನದೇ ಅಲೆ ಹತ್ತಿ ನೀರಿನ ಮೇಲೆ ಜಾರಬೇಕು, ಡೀಸೆಲ್ ಧಾರೆಯಾಗಿ ಹರಿಯುತ್ತದೆ. ಉದಾಹರಣೆಗೆ 8 ನಾಟ್‌ನಲ್ಲಿ ಗಂಟೆಗೆ 20 ಲೀಟರ್ ಕುಡಿಯುವ ನೌಕೆ 20 ನಾಟ್‌ನಲ್ಲಿ 150 ಲೀಟರ್ ಕುಡಿದರೆ, ಸಮುದ್ರ ಮೈಲಿಗೆ 2.5 ಲೀಟರ್ ಇದ್ದದ್ದು 7.5 ಆಯಿತು. ಇವೆರಡರ ನಡುವಿನ ವೇಗ ಎಲ್ಲಕ್ಕಿಂತ ದಂಡ: ಮೂತಿ ಮೇಲೆದ್ದು ಎದುರು ಕಾಣುವುದಿಲ್ಲ, ಹಿಂದೆ ದೊಡ್ಡ ಅಲೆ ಏಳುತ್ತದೆ. ಇಂಧನವನ್ನು ಮೂರು ಪಾಲು ಮಾಡಿ: ಹೋಗಲು ಒಂದು, ಬರಲು ಒಂದು, ಮುಟ್ಟದೆ ಇಡಲು ಒಂದು.

ಘರ್ಷಣೆ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳು ಬಾಡಿಗೆದಾರರಿಗೂ ಅನ್ವಯ. ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಅಡ್ಡಹಾಯುವಾಗ ಇನ್ನೊಂದು ಯಂತ್ರನೌಕೆ ನಿಮ್ಮ ಬಲಗಡೆ ಇದ್ದರೆ ದಾರಿ ಬಿಡಬೇಕಾದವರು ನೀವು. ಎದುರಿನ ನೌಕೆಯ ದಿಕ್ಕು ಬದಲಾಗದೆ ಗಾತ್ರವಷ್ಟೇ ಹಿಗ್ಗುತ್ತಿದ್ದರೆ ಡಿಕ್ಕಿಯ ದಾರಿಯಲ್ಲಿದ್ದೀರಿ. ಬೇಗನೆ, ಎದುರಿನವರಿಗೆ ಎದ್ದು ಕಾಣುವಷ್ಟು ತಿರುಗಿ.

ಬೇರೆ ಖಂಡದಲ್ಲಿ ಬಾಡಿಗೆ ಪಡೆಯುವವರು ಎಡವುವುದು ಬಾಯ್‌ಗಳ, ಅಂದರೆ ದಾರಿ ತೋರುವ ತೇಲುಗುರುತುಗಳ ಬಣ್ಣದಲ್ಲಿ. ಪ್ರಪಂಚದ ಹೆಚ್ಚಿನ ಭಾಗದಲ್ಲಿ ಸಮುದ್ರದಿಂದ ಬಂದರಿಗೆ ಬರುವಾಗ ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪೀನ್ಸ್‌ನಲ್ಲಿ ಇದು ತಿರುವುಮುರುವು.

ಲಂಗರು

ಲಂಗರು ಹಿಡಿಯುವುದು ತೂಕಕ್ಕಿಂತ ಹೆಚ್ಚಾಗಿ ಸರಪಳಿಯ ಉದ್ದಕ್ಕೆ. ಎಳೆತ ನೆಲಕ್ಕೆ ಸಮಾನಾಂತರವಾಗಿದ್ದರೆ ಲಂಗರು ಹೂತುಕೊಳ್ಳುತ್ತದೆ, ಮೇಲಕ್ಕಿದ್ದರೆ ಕಿತ್ತುಬರುತ್ತದೆ. ಆಳ 4 ಮೀಟರ್, ಉಬ್ಬರಕ್ಕೆ ಇನ್ನು 2 ಮೀಟರ್ ಏರುತ್ತದೆ, ಮೂತಿ ನೀರಿನಿಂದ 1 ಮೀಟರ್ ಎತ್ತರ: ಒಟ್ಟು 7. ಪೂರ್ತಿ ಸರಪಳಿಯಾದರೆ ಅದರ ಐದು ಪಟ್ಟು, 35 ಮೀಟರ್. ಹಗ್ಗ ಸೇರಿದ್ದರೆ ಏಳು ಪಟ್ಟು ಅಥವಾ ಇನ್ನೂ ಹೆಚ್ಚು.

ಗಾಳಿಗೆ ಎದುರಾಗಿ ಬಂದು, ಮರಳು ಅಥವಾ ಕೆಸರಿನ ತಳದ ಮೇಲೆ ಪೂರ್ತಿ ನಿಲ್ಲಿ. ಲಂಗರು ತಳ ಮುಟ್ಟಿದ ಮೇಲೆ ನಿಧಾನ ಹಿಂದೆ ಸರಿಯುತ್ತಾ ಸರಪಳಿ ಬಿಡಿ. ಒಂದೇ ಕಡೆ ರಾಶಿ ಸುರಿದರೆ ಅದು ಲಂಗರಿಗೇ ಸುತ್ತಿಕೊಳ್ಳುತ್ತದೆ. ಬೇಕಾದಷ್ಟು ಬಿಟ್ಟ ಮೇಲೆ ರಿವರ್ಸ್‌ನಲ್ಲಿ ಮೆಲ್ಲಗೆ ಎಳೆದು, ದಡದ ಎರಡು ಗುರುತುಗಳನ್ನು, ಒಂದು ಮರ ಅದರ ಹಿಂದೊಂದು ಮನೆ ಎಂಬಂತೆ, ಒಂದೇ ಗೆರೆಯಲ್ಲಿ ಹಿಡಿದು ನೋಡಿ. ಗೆರೆ ಕದಲದಿದ್ದರೆ ಲಂಗರು ಕಚ್ಚಿದೆ. ಭಾರವನ್ನು ವಿಂಡ್‌ಲಾಸ್ ಎಂಬ ಸರಪಳಿ ಎತ್ತುವ ಯಂತ್ರದ ಮೇಲೆ ಬಿಡದೆ, ಸರಪಳಿಗೆ ಕಟ್ಟಿ ಎಳೆತ ಹೀರುವ ಸ್ನಬ್ಬರ್ ಹಗ್ಗಕ್ಕೆ ವರ್ಗಾಯಿಸಿ. ಗಾಳಿ ತಿರುಗಿದರೆ ನೌಕೆ ಪೂರ್ತಿ ವೃತ್ತ ಸುತ್ತುತ್ತದೆ, ಅಷ್ಟು ಜಾಗ ನಾಲ್ಕೂ ಕಡೆ ಇರಬೇಕು. ಹಗಲು ಕಪ್ಪು ಚೆಂಡು, ರಾತ್ರಿ ಸುತ್ತಲೂ ಕಾಣುವ ಬಿಳಿ ದೀಪ.

ಎತ್ತುವಾಗ ಎಂಜಿನ್ ಓಡುತ್ತಿರಲಿ. ನೌಕೆಯನ್ನು ಲಂಗರಿನತ್ತ ನಡೆಸಬೇಕಾದ್ದು ಎಂಜಿನ್, ವಿಂಡ್‌ಲಾಸ್‌ನ ಕೆಲಸ ಸಡಿಲವಾದ ಸರಪಳಿಯನ್ನು ಎತ್ತುವುದಷ್ಟೇ. ಕೈ, ಕೂದಲು, ಬಟ್ಟೆ ಅದರಿಂದ ದೂರವಿರಲಿ.

ಕೈಕೊಟ್ಟಾಗ

ತಾಪಮಾನ ಏರಿದರೆ ಮೊದಲು ಐಡಲ್‌ಗೆ ತಂದು ಹಿಂಬದಿ ನೋಡಿ. ನೀರು ಬರುತ್ತಿಲ್ಲವಾದರೆ ಸುರಕ್ಷಿತ ಜಾಗದಲ್ಲಿ ಎಂಜಿನ್ ನಿಲ್ಲಿಸಿ, ಸೀಕಾಕ್ ಮುಚ್ಚಿ, ಸ್ಟ್ರೇನರ್ ತೆರೆದು ಪಾಚಿ ಅಥವಾ ಪ್ಲಾಸ್ಟಿಕ್ ತೆಗೆಯಿರಿ. ಬಹುತೇಕ ಸಲ ಅಲ್ಲೇ ಇರುತ್ತದೆ. ಮುಚ್ಚಳ ಭದ್ರ ಮಾಡಿ ಸೀಕಾಕ್ ತೆರೆಯಿರಿ. ಆಗಲೂ ಬರದಿದ್ದರೆ ಮುಂದಿನ ಗುಮಾನಿ ಇಂಪೆಲ್ಲರ್ ಮೇಲೆ.

ಎಂಜಿನ್ ಕೋಣೆಯಲ್ಲಿ ಬೆಂಕಿ ಎನಿಸಿದರೆ ಹ್ಯಾಚ್ ತೆರೆಯಬೇಡಿ, ಗಾಳಿ ಸಿಕ್ಕರೆ ಭುಗಿಲೇಳುತ್ತದೆ. ಎಂಜಿನ್, ಬ್ಲೋವರ್, ಇಂಧನ ಮೂರನ್ನೂ ನಿಲ್ಲಿಸಿ, ಅಗ್ನಿಶಾಮಕವನ್ನು ಅದಕ್ಕಾಗಿಯೇ ಇರುವ ಚಿಕ್ಕ ರಂಧ್ರದಲ್ಲಿ ಬಿಡಿ.

ಯಾರಾದರೂ ನೀರಿಗೆ ಬಿದ್ದರೆ ಕೂಗಿ, ತೇಲುಬಳೆ ಎಸೆಯಿರಿ, ಒಬ್ಬರು ಕಣ್ಣು ತೆಗೆಯದೆ ಬೆರಳು ತೋರಿಸುತ್ತಲೇ ಇರಲಿ, ಪ್ಲಾಟರ್‌ನ, ಅಂದರೆ ನಕ್ಷೆಯ ಪರದೆಯ ಮೇಲೆ ಬಿದ್ದ ಜಾಗ ಗುರುತಿಸುವ ಎಂಒಬಿ ಬಟನ್ ಒತ್ತಿ. ನಿಧಾನವಾಗಿ ಮರಳಿ ಬಂದು, ಹತ್ತಿರವಾದಾಗ ಎಂಜಿನ್ ನಿಲ್ಲಿಸಿ. ನ್ಯೂಟ್ರಲ್ ಸಾಲದು; ಗಡಿಬಿಡಿಯಲ್ಲಿ ಯಾರದೋ ಮೊಣಕೈ ಲಿವರ್‌ಗೆ ತಾಗಬಹುದು.

ರೇಡಿಯೊ ಸದಾ 16ನೇ ಚಾನೆಲ್‌ನಲ್ಲಿರಲಿ. ಜೀವಾಪಾಯವಾದರೆ ರೇಡಿಯೊದಲ್ಲಿ ಮುಚ್ಚಳದ ಕೆಳಗಿನ ಕೆಂಪು ಬಟನ್ ಅನ್ನು ಸುಮಾರು ಐದು ಸೆಕೆಂಡ್ ಒತ್ತಿ ಹಿಡಿಯಿರಿ, ಆಮೇಲೆ 16ರಲ್ಲಿ ಮೂರು ಬಾರಿ ಮೇಡೇ, ಮೂರು ಬಾರಿ ನೌಕೆಯ ಹೆಸರು, ಇರುವ ಸ್ಥಳ, ಏನಾಗಿದೆ, ಎಷ್ಟು ಜನ, ಯಾವ ನೆರವು ಬೇಕು. ಈ ಕ್ರಮವನ್ನು ಚೀಟಿಯಲ್ಲಿ ಬರೆದು, ನೌಕೆಯ ಹೆಸರು ತುಂಬಿ, ರೇಡಿಯೊ ಪಕ್ಕ ಅಂಟಿಸಿಡಿ. ಜೀವಾಪಾಯವಿಲ್ಲದ ತುರ್ತಿಗೆ ಪ್ಯಾನ್-ಪ್ಯಾನ್.

ಮರಳಿಸುವ ಹಿಂದಿನ ಸಂಜೆ

ಇಂಧನ ಪಂಪಿನಲ್ಲಿ ಕೊನೆಯ ಬೆಳಗ್ಗೆ ಎಲ್ಲ ಬಾಡಿಗೆ ನೌಕೆಗಳೂ ಸಾಲುಗಟ್ಟುತ್ತವೆ. ಹಿಂದಿನ ಸಂಜೆಯೇ ತುಂಬಿಸಿ, ರಸೀದಿ ಇಟ್ಟುಕೊಳ್ಳಿ. ಕೊಳಚೆ ಟ್ಯಾಂಕ್ ಖಾಲಿ ಮಾಡಿ. ಎಂಜಿನ್ ಗಂಟೆ ಬರೆದು, ಮೊದಲ ದಿನ ತೆಗೆದ ಕೋನಗಳಲ್ಲೇ ಹೊರಮೈಯ ಫೋಟೊ ಮತ್ತೆ ತೆಗೆಯಿರಿ. ತಳ ಎಲ್ಲಾದರೂ ತಾಗಿದ್ದರೆ, ಪ್ರೊಪೆಲ್ಲರ್‌ಗೆ ಹಗ್ಗ ಸುತ್ತಿದ್ದರೆ, ಪಂಪ್ ವಿಚಿತ್ರ ಸದ್ದು ಮಾಡುತ್ತಿದ್ದರೆ ನೀವಾಗಿಯೇ ಹೇಳಿ. ಆ ನೌಕೆಯಲ್ಲಿ ಅದೇ ಮಧ್ಯಾಹ್ನ ಇನ್ನೊಂದು ಕುಟುಂಬ ಹೊರಡಲಿದೆ.